ಹಿನ್ನಡೆಯ ದಿನಗಳು

ಮುಂಗಾರು ಮೊದಲಾಯಿತೆಂದರೆ ಕಾರವಾರದ ಬೈತಖೋಲ ಬಂದರಿನ ನೋಟವೇ ಬದಲಾಗಿಬಿಡುತ್ತದೆ. ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನಗಳ ಕಾಲ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮೊಟ್ಟೆಯಿಡುವ ಕಾಲ. ಕಡಲೂ ಕೆರಳಿರುವ ಕಾಲ. ನಿನ್ನೆಯವರೆಗೆ ಅಲೆಗಳನ್ನು ಸೀಳಿಕೊಂಡು ಹೋಗುತ್ತಿದ್ದ ದೋಣಿಗಳು ಸಾಲುಸಾಲಾಗಿ ದಡ ಸೇರಿ ನಿಲ್ಲುತ್ತವೆ. ಹೊರಗಿನಿಂದ ಬಂದವನು ಅವುಗಳನ್ನು ಕಂಡು, ಇಲ್ಲಿಯ ಕಸುಬೇ ನಿಂತುಹೋಯಿತೆಂದು ಭಾವಿಸಬಹುದು. ಹತ್ತಿರ ಹೋಗಿ ನೋಡಿದವನಿಗೆ ಬೇರೆಯೇ ಸಂಗತಿ ಕಾಣುತ್ತದೆ. ಒಬ್ಬನು ಹರಿದ ಬಲೆಯ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಿರುತ್ತಾನೆ. ಇನ್ನೊಬ್ಬನು ದೋಣಿಯ ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆದು ಬಣ್ಣ ಬಳಿಯುತ್ತಿರುತ್ತಾನೆ. ಮತ್ತೊಬ್ಬನು ಯಂತ್ರವನ್ನು ಬಿಚ್ಚಿ ತುಕ್ಕು ಹಿಡಿದ ಭಾಗಗಳನ್ನು ತೆಗೆದು ಹೊಸದನ್ನು ಕೂಡಿಸುತ್ತಿರುತ್ತಾನೆ. ಆಗಸ್ಟ್ ತಿಂಗಳಲ್ಲಿ ಯಾವ ದೋಣಿ ನಿರಾತಂಕವಾಗಿ ಕಡಲಿಗೆ ಇಳಿದೀತು, ಯಾವುದು ಅರ್ಧ ದಾರಿಯಲ್ಲಿ ಕೈಕೊಟ್ಟೀತು ಎಂಬುದು ಬಹುಮಟ್ಟಿಗೆ ಈ ದಿನಗಳಲ್ಲಿಯೇ ನಿರ್ಧಾರವಾಗುತ್ತದೆ.

ಆಟವನ್ನೇ ಬದುಕಾಗಿ ಮಾಡಿಕೊಂಡವರ ಜೀವನದಲ್ಲಿಯೂ ಇಂಥ ದಿನಗಳು ಬರುತ್ತವೆ. ತಂಡದಲ್ಲಿ ಸ್ಥಾನ ದೊರೆಯದೆ ಹೋಗಬಹುದು, ಕೈಕಾಲು ಮುರಿಯಬಹುದು, ಗೆಲ್ಲಬೇಕಾಗಿದ್ದ ಪಂದ್ಯ ಕೈತಪ್ಪಿ ಹೋಗಬಹುದು. ಹೊಗಳುತ್ತಿದ್ದ ಬಾಯಿಗಳೇ ತೆಗಳಲು ಆರಂಭಿಸುತ್ತವೆ. ಇಂಥ ಹಿನ್ನಡೆಗಳನ್ನು ಕುರಿತು ಮಾತನಾಡುವಾಗ ಜನರು ಸಾಮಾನ್ಯವಾಗಿ 'ಸೋಲೇ ಗೆಲುವಿನ ಸೋಪಾನ' ಎಂಬ ಮಾತನ್ನು ಹೇಳುತ್ತಾರೆ. ಶಾಲೆಯ ಗೋಡೆಗಳ ಮೇಲೂ ಅದನ್ನು ಬರೆದಿರುತ್ತಾರೆ. ಕೇಳಲು ಹಿತವಾದ ಮಾತಿದು. ಆದರೆ ಇದು ಅರ್ಧ ಸತ್ಯ ಮಾತ್ರ. ಸೋಲು ತಾನಾಗಿಯೇ ಮೆಟ್ಟಿಲಾಗುವುದಿದ್ದರೆ, ಸೋತವರೆಲ್ಲರೂ ಒಂದಲ್ಲ ಒಂದು ದಿನ ಶಿಖರವನ್ನು ಏರಿಯೇ ತೀರಬೇಕಾಗಿತ್ತು. ಲೋಕದಲ್ಲಿ ಹಾಗೆ ಆಗುವುದಿಲ್ಲ. ಹರಿದ ಬಲೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಸೋಲು ಮನುಷ್ಯನನ್ನು ದಡಕ್ಕೆ ತಂದು ನಿಲ್ಲಿಸುತ್ತದೆ, ಅಷ್ಟೇ. ಅಲ್ಲಿಂದ ಮುಂದಿನ ತಿರುವು ಬರುವುದು ದಡದಲ್ಲಿ ನಡೆಯುವ ದುಡಿಮೆಯಿಂದ, ಗುರಿಯನ್ನು ತಿದ್ದಿಕೊಳ್ಳುವ ವಿವೇಕದಿಂದ ಮತ್ತು ಕೈಹಿಡಿದು ಎತ್ತುವ ನೆರೆಯವರಿಂದ. ಮೂವರು ಆಟಗಾರರ ಜೀವನವನ್ನು ಎಚ್ಚರದಿಂದ ಓದಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ವಿಲ್ಮಿಂಗ್ಟನ್ ಎಂಬ ಬಂದರು ಪಟ್ಟಣವಿದೆ. ಕಾಳಿ ನದಿ ಕಾರವಾರದ ಬಳಿ ಕಡಲನ್ನು ಸೇರುವಂತೆ ಅಲ್ಲಿಯೂ ಒಂದು ನದಿ ಊರನ್ನು ಬಳಸಿ ಕಡಲಿನತ್ತ ಹರಿಯುತ್ತದೆ. ಆ ಊರಿನ ಲೇನಿ ಪ್ರೌಢಶಾಲೆಯಲ್ಲಿ ೧೯೭೮ರಲ್ಲಿ ಹದಿನೈದು ವರ್ಷದ ಒಬ್ಬ ಬಾಲಕನು ಶಾಲೆಯ ಮುಖ್ಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾಗಬೇಕೆಂದು ಆಸೆಪಟ್ಟನು. ಆಯ್ಕೆಯಾದವರ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಅವನ ಎತ್ತರ ಆಗ ಐದು ಅಡಿ ಹತ್ತು ಅಂಗುಲದಷ್ಟಿತ್ತು. ಅವನದೇ ತರಗತಿಯ ಗೆಳೆಯನೊಬ್ಬನು ಆರೂವರೆ ಅಡಿಗೂ ಎತ್ತರವಾಗಿದ್ದನು. ಎತ್ತರದ ಆಟಗಾರನೊಬ್ಬನು ತಂಡಕ್ಕೆ ಬೇಕಾಗಿದ್ದುದರಿಂದ ಆ ಸ್ಥಾನ ಗೆಳೆಯನಿಗೆ ಹೋಯಿತು. ಆಯ್ಕೆಯಾಗದೆ ಉಳಿದ ಬಾಲಕನೇ ಮುಂದೆ ಲೋಕಪ್ರಸಿದ್ಧನಾದ ಮೈಕೆಲ್ ಜೋರ್ಡನ್.

ಈ ಪ್ರಸಂಗವನ್ನು ಲೋಕವು ತನಗೆ ಬೇಕಾದಂತೆ ಹಿಗ್ಗಿಸಿಕೊಂಡಿದೆ. ಶಾಲೆಯವರು ಅವನನ್ನು ತಂಡದಿಂದಲೇ ಹೊರಗೆ ಹಾಕಿದರು, ಮೂರ್ಖ ಶಿಕ್ಷಕರು ರತ್ನವನ್ನು ಗುರುತಿಸಲಿಲ್ಲ ಎಂದು ಕಥೆ ಹೇಳುವವರಿದ್ದಾರೆ. ನಡೆದುದು ಹಾಗಲ್ಲ. ಶಾಲೆಯಲ್ಲಿ ಕಿರಿಯರ ತಂಡವೊಂದಿತ್ತು. ಅವನನ್ನು ಆ ತಂಡಕ್ಕೆ ಸೇರಿಸಲಾಯಿತು. ಮುಖ್ಯ ತಂಡದಲ್ಲಿದ್ದರೆ ಹಿರಿಯರ ನಡುವೆ ಅವನು ಬಹುಪಾಲು ಹೊತ್ತು ಬೆಂಚಿನ ಮೇಲೆ ಕುಳಿತಿರಬೇಕಾಗಿತ್ತು. ಕಿರಿಯರ ತಂಡದಲ್ಲಿಯಾದರೋ ಪ್ರತಿ ಪಂದ್ಯವನ್ನೂ ಆಡುವ ಅವಕಾಶ ಅವನದಾಯಿತು. ಒಂದೊಂದು ಪಂದ್ಯದಲ್ಲಿ ನಲವತ್ತಕ್ಕೂ ಹೆಚ್ಚು ಅಂಕಗಳನ್ನು ಅವನು ಗಳಿಸಿದನು. ಅದೇ ಕಾಲದಲ್ಲಿ ಅವನ ಎತ್ತರವೂ ಬೆಳೆಯಿತು. ಮರುವರ್ಷ ಮುಖ್ಯ ತಂಡದಲ್ಲಿ ಅವನಿಗೆ ಸ್ಥಾನ ದೊರೆಯಿತು. ಕಥೆಯಲ್ಲಿ ನೆನಪಿಡಬೇಕಾದ ಭಾಗ ಇದು. ಪಟ್ಟಿಯಲ್ಲಿ ಹೆಸರಿಲ್ಲದ ಒಂದು ದಿನ ಅವನನ್ನು ದೊಡ್ಡವನನ್ನಾಗಿ ಮಾಡಲಿಲ್ಲ; ಆ ದಿನದ ನಂತರ ಆಡಿದ ಒಂದು ಇಡೀ ವರ್ಷದ ಆಟ ಅವನನ್ನು ಬೆಳೆಸಿತು. ಕೆಳಗಿನ ತಂಡವನ್ನು ಅವಮಾನವೆಂದು ತಿಳಿದು ಅವನು ಆಟವನ್ನೇ ಬಿಟ್ಟಿದ್ದರೆ, ಅದೇ ಹಿನ್ನಡೆ ಅವನ ಆಟದ ಕೊನೆಯೂ ಆಗಬಹುದಾಗಿತ್ತು.

ಜೋರ್ಡನ್‌ನ ಹಿನ್ನಡೆಗಳು ಶಾಲೆಯ ದಿನಗಳಿಗೇ ಮುಗಿಯಲಿಲ್ಲ. ೧೯೮೪ರಲ್ಲಿ ಆತನು ಷಿಕಾಗೊ ಬುಲ್ಸ್ ಎಂಬ ವೃತ್ತಿಪರ ತಂಡವನ್ನು ಸೇರಿದನು. ಎರಡನೆಯ ವರ್ಷದ ಮೂರನೆಯ ಪಂದ್ಯದಲ್ಲಿಯೇ ಎಡಗಾಲಿನ ಪಾದದ ಮೂಳೆ ಮುರಿಯಿತು; ಆ ವರ್ಷ ೬೪ ಪಂದ್ಯಗಳನ್ನು ಅವನು ಆಡಲಾಗಲಿಲ್ಲ. ಗುಣವಾಗಿ ಮರಳಿ ಬಂದವನು ೧೯೮೬ರ ಏಪ್ರಿಲ್‌ನಲ್ಲಿ ಬಾಸ್ಟನ್ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ ೬೩ ಅಂಕಗಳನ್ನು ಗಳಿಸಿದನು. ನೋಡಿದವರು ಬೆರಗಾದರು. ಆದರೂ ಆ ಪಂದ್ಯವನ್ನು ಗೆದ್ದವರು ಬಾಸ್ಟನ್ನಿನವರೇ. ಒಬ್ಬನು ಎಷ್ಟೇ ಚೆನ್ನಾಗಿ ಆಡಿದರೂ ಐವರ ಆಟವನ್ನು ಒಬ್ಬನೇ ಗೆಲ್ಲಲಾರನೆಂಬ ಪಾಠ ಅಲ್ಲಿಯೇ ಇತ್ತು. ೧೯೮೮, ೧೯೮೯, ೧೯೯೦—ಹೀಗೆ ಮೂರು ವರ್ಷ ಬೆನ್ನುಬೆನ್ನಿಗೆ ಡೆಟ್ರಾಯಿಟ್ ತಂಡ ಅವನ ತಂಡವನ್ನು ಸೋಲಿಸಿ ಹೊರಗಟ್ಟಿತು. ಎದುರಾಳಿಗಳು ಅವನೊಬ್ಬನನ್ನು ಸುತ್ತುಗಟ್ಟಿ, ಮೈಬಲದಿಂದ ತಡೆದು ನಿಲ್ಲಿಸುತ್ತಿದ್ದರು.

ಈ ಸೋಲುಗಳ ನಡುವೆ ಜೋರ್ಡನ್ ಎರಡು ಕೆಲಸಗಳನ್ನು ಮಾಡಿದನು. ಆಟಕ್ಕೆ ಬಿಡುವಿದ್ದ ತಿಂಗಳುಗಳಲ್ಲಿ ವ್ಯಾಯಾಮದಿಂದ ದೇಹಬಲವನ್ನು ಹೆಚ್ಚಿಸಿಕೊಂಡನು. ಅದಕ್ಕಿಂತ ಕಷ್ಟವಾದುದು ಎರಡನೆಯ ಕೆಲಸ. ೧೯೮೯ರಲ್ಲಿ ಮುಖ್ಯ ತರಬೇತುದಾರರಾಗಿ ಬಂದ ಫಿಲ್ ಜಾಕ್ಸನ್ ಅವರು ಚೆಂಡು ಎಲ್ಲರ ಕೈಗಳಲ್ಲಿಯೂ ಸುತ್ತಿಬರುವ ಆಟದ ಪದ್ಧತಿಯನ್ನು ತಂಡದಲ್ಲಿ ಬೇರೂರಿಸಿದರು. ಅತಿ ಹೆಚ್ಚು ಅಂಕಗಳನ್ನು ಗಳಿಸುವವನೆಂದು ಹೆಸರಾಗಿದ್ದ ಜೋರ್ಡನ್, ಚೆಂಡನ್ನು ಜೊತೆಗಾರರಿಗೆ ಬಿಟ್ಟುಕೊಡುವುದನ್ನು ಕಲಿಯಬೇಕಾಯಿತು. ೧೯೯೧ರಲ್ಲಿ ಅದೇ ಡೆಟ್ರಾಯಿಟ್ ತಂಡವನ್ನು ಷಿಕಾಗೊ ನಾಲ್ಕಕ್ಕೆ ನಾಲ್ಕು ಪಂದ್ಯಗಳಲ್ಲಿಯೂ ಸೋಲಿಸಿತು. ಆ ವರ್ಷವೇ ಮೊದಲ ಬಾರಿಗೆ ಚಾಂಪಿಯನ್ ಪಟ್ಟವನ್ನು ಪಡೆಯಿತು. ೧೯೯೮ರವರೆಗೆ ಅಂಥ ಆರು ಪಟ್ಟಗಳು ಆ ತಂಡಕ್ಕೆ ದೊರೆತವು. ಮೂರು ಸೋಲುಗಳು ಒಂದೇ ಬಗೆಯವಾಗಿದ್ದರೂ ನಾಲ್ಕನೆಯ ಸಲ ಫಲ ಬೇರೆಯಾದುದು ಏಕೆ? ಆಡುವ ರೀತಿಯೇ ಬದಲಾಗಿದ್ದುದರಿಂದ. ಅದೇ ತಪ್ಪನ್ನು ಹಟದಿಂದ ಹತ್ತು ಸಲ ಮಾಡುವುದಕ್ಕೆ ಪ್ರಯತ್ನವೆಂಬ ಹೆಸರು ಸಲ್ಲದು.

ಇಂಥ ದೃಷ್ಟಾಂತಕ್ಕಾಗಿ ಸಮುದ್ರವನ್ನು ದಾಟಿಯೇ ಹೋಗಬೇಕೆಂದಿಲ್ಲ. ಕಾರವಾರದಿಂದ ಅಂಕೋಲೆಯನ್ನು ಹಾದು, ಗಂಗಾವಳಿ ಹೊಳೆಯನ್ನು ದಾಟಿ ದಕ್ಷಿಣಕ್ಕೆ ಹೋದರೆ ಕುಮಟಾ ಸಿಗುತ್ತದೆ. ಆ ಊರಿನ ರಾಘವೇಂದ್ರ ಎಂಬ ತರುಣರು ಕ್ರಿಕೆಟ್ ಆಟಗಾರನಾಗಬೇಕೆಂಬ ಒಂದೇ ಹಂಬಲದಿಂದ ಮನೆಯನ್ನು ಬಿಟ್ಟು ಘಟ್ಟವನ್ನು ಹತ್ತಿ ಹುಬ್ಬಳ್ಳಿಗೆ ಹೋದರು. ಆಗ ಅವರ ಕಿಸೆಯಲ್ಲಿದ್ದುದು ೨೧ ರೂಪಾಯಿ. ಪರಿಚಯದವರಿಲ್ಲದ ಊರಿನಲ್ಲಿ ಬಸ್ ನಿಲ್ದಾಣವೇ ಅವರಿಗೆ ಮನೆಯಾಯಿತು. ಅಲ್ಲಿ ಇರಗೊಡದಿದ್ದಾಗ ದೇವಸ್ಥಾನದಲ್ಲಿ, ಅದೂ ತಪ್ಪಿದಾಗ ಸ್ಮಶಾನದಲ್ಲಿ ಅವರು ರಾತ್ರಿಗಳನ್ನು ಕಳೆದರು. ಹಗಲೆಲ್ಲ ಮೈದಾನದಲ್ಲಿ ಅಭ್ಯಾಸ ನಡೆಯುತ್ತಿತ್ತು. ಇಷ್ಟು ಕಷ್ಟಪಟ್ಟವನಿಗೆ ಕೊನೆಗೆ ಆಟ ಒಲಿಯಲೇಬೇಕಲ್ಲವೇ ಎಂದು ಓದುವವರಿಗೆ ಅನ್ನಿಸೀತು. ಒಲಿಯಲಿಲ್ಲ. ಅವರ ಬಲಗೈ ಮುರಿಯಿತು. ಆಟಗಾರನಾಗುವ ಕನಸು ಅಲ್ಲಿಗೆ ಮುಗಿಯಿತು.

ಈ ಘಟ್ಟದಲ್ಲಿ ರಾಘವೇಂದ್ರ ಅವರ ಮುಂದೆ ಇದ್ದುದು ಕಠಿಣವಾದ ಪ್ರಶ್ನೆ. ಆಟಗಾರನಾಗಲಾರದವನು ಆಟವನ್ನು ಬಿಟ್ಟು ಊರಿಗೆ ಮರಳಬೇಕೆ? ಅಥವಾ ಆಟದೊಳಗೇ ಬೇರೊಂದು ಕೆಲಸವನ್ನು ಹುಡುಕಿಕೊಳ್ಳಬೇಕೆ? ಅವರು ಎರಡನೆಯದನ್ನು ಆರಿಸಿಕೊಂಡರು. ಬೆಂಗಳೂರಿಗೆ ಹೋಗಿ 'ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್' ಎಂಬ ತರಬೇತಿ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರ ಕೆಲಸ, ಅಭ್ಯಾಸಕ್ಕೆ ಬಂದ ದಾಂಡಿಗರಿಗೆ ಚೆಂಡನ್ನು ಎಸೆದುಕೊಡುವುದು. ನೋಡಲು ಇದು ಸಣ್ಣ ಕೆಲಸ. ಪಂದ್ಯದ ದಿನ ಇಂಥವರ ಹೆಸರನ್ನು ಯಾರೂ ಕೂಗುವುದಿಲ್ಲ. ಅಂಕಪಟ್ಟಿಯಲ್ಲಿ ಅವರಿಗೆ ಜಾಗವಿಲ್ಲ. ಆ ಸಣ್ಣ ಕೆಲಸವನ್ನು ಅವರು ಚೊಕ್ಕವಾಗಿ ಮಾಡಿದರು. ಕರ್ನಾಟಕ ತಂಡದ ಆಟಗಾರ ತಿಲಕ್ ನಾಯ್ಡು ಅವರ ಕಣ್ಣಿಗೆ ಅವರ ಶ್ರದ್ಧೆ ಬಿದ್ದಿತು. ತಿಲಕ್ ನಾಯ್ಡು ಅವರು ಹೆಸರಾಂತ ಬೌಲರ್ ಜಾವಗಲ್ ಶ್ರೀನಾಥ್ ಅವರಿಗೆ ಈ ತರುಣನನ್ನು ಪರಿಚಯಿಸಿದರು. ಹೀಗೆ ರಾಜ್ಯ ತಂಡದ ಅಭ್ಯಾಸದಲ್ಲಿ, ಬಳಿಕ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ದುಡಿದ ಅವರನ್ನು ೨೦೧೧ರಲ್ಲಿ ಭಾರತ ತಂಡದ ತರಬೇತಿ ಸಹಾಯಕರನ್ನಾಗಿ ತೆಗೆದುಕೊಳ್ಳಲಾಯಿತು. ಆಟಗಾರರ ಬಾಯಲ್ಲಿ ಅವರು 'ರಘು' ಆದರು.

ಅವರ ಕೆಲಸದ ಮಹತ್ವವನ್ನು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಕ್ರಿಕೆಟ್ ಪಿಚ್‌ನ ಉದ್ದ ೨೨ ಗಜ, ಎಂದರೆ ಸುಮಾರು ೨೦ ಮೀಟರ್. ಗಂಟೆಗೆ ೧೫೦ ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡು ಅಷ್ಟು ದೂರವನ್ನು ಸುಮಾರು ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ. ಆ ಅರ್ಧ ಸೆಕೆಂಡಿನೊಳಗೆ ದಾಂಡಿಗನು ಚೆಂಡನ್ನು ಕಂಡು, ಅದು ಬೀಳುವ ಜಾಗವನ್ನು ಅಳೆದು, ಕಾಲನ್ನು ಸರಿಸಿ, ಬ್ಯಾಟನ್ನು ಬೀಸಬೇಕು. ಯೋಚನೆ ಮಾಡಲು ಅಲ್ಲಿ ಹೊತ್ತಿಲ್ಲ. ಅಭ್ಯಾಸ ಮಾತ್ರ ಅಲ್ಲಿ ನೆರವಿಗೆ ಬರುತ್ತದೆ. ಬೌಲರುಗಳು ದಿನವಿಡೀ ಅಂಥ ವೇಗದಲ್ಲಿ ಎಸೆದರೆ ದಣಿದುಹೋಗುತ್ತಾರೆ. ಆದುದರಿಂದ ಉದ್ದ ಹಿಡಿಕೆಯ ತುದಿಯಲ್ಲಿ ಬಟ್ಟಲಿನಂಥ ಭಾಗವಿರುವ ಒಂದು ಸಾಧನದಲ್ಲಿ ಚೆಂಡನ್ನಿಟ್ಟು ಬೀಸಿ ಎಸೆಯುವ ಪದ್ಧತಿ ಬಂದಿದೆ. ಈ ವಿದ್ಯೆಯಲ್ಲಿ ರಾಘವೇಂದ್ರ ನಿಷ್ಣಾತರಾದರು. ವೇಗದ ಬೌಲಿಂಗನ್ನು ಎದುರಿಸುವಲ್ಲಿ ಭಾರತದ ದಾಂಡಿಗರು ಪಳಗಿದುದಕ್ಕೆ ರಘು ಅವರ ಎಸೆತಗಳೂ ಒಂದು ಕಾರಣವೆಂದು ವಿರಾಟ್ ಕೊಹ್ಲಿ ಅವರು ಬಹಿರಂಗವಾಗಿ ಹೇಳಿದ್ದಾರೆ. ಮುರಿದ ಕೈಯವರೊಬ್ಬರು ಇತರರ ಕೈಗಳಿಗೆ ಕಸುವು ತುಂಬಿದರು.

೨೦೨೨ರ ನವೆಂಬರ್ ೨ರಂದು ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಭಾರತ ಮತ್ತು ಬಾಂಗ್ಲಾದೇಶಗಳ ನಡುವೆ ಟಿ-ಟ್ವೆಂಟಿ ವಿಶ್ವಕಪ್ ಪಂದ್ಯ ನಡೆಯಿತು. ನಡುವೆ ಮಳೆ ಸುರಿದು ಮೈದಾನ ಒದ್ದೆಯಾಯಿತು. ಒದ್ದೆ ಮಣ್ಣು ಮೆತ್ತಿದ ಬೂಟುಗಳು ಓಡುವಾಗ ಜಾರುತ್ತವೆ. ಆಗ ರಾಘವೇಂದ್ರ ಅವರು ಕೈಯಲ್ಲಿ ಒಂದು ಬ್ರಷ್ ಹಿಡಿದು ಮೈದಾನದ ಅಂಚಿನಲ್ಲಿ ಸುತ್ತುತ್ತ, ಆಟಗಾರರ ಬೂಟುಗಳಿಗೆ ಮೆತ್ತಿದ ಮಣ್ಣನ್ನು ಕೆರೆದು ತೆಗೆಯುತ್ತಿದ್ದರು. ಭಾರತ ಆ ಪಂದ್ಯವನ್ನು ಕೇವಲ ೫ ಓಟಗಳಿಂದ ಗೆದ್ದಿತು. ಬೂಟಿನ ಮಣ್ಣನ್ನು ತೆಗೆಯುವುದು ತನ್ನ ಘನತೆಗೆ ಕುಂದೆಂದು ಅವರು ಎಣಿಸಲಿಲ್ಲ. ಕೆಲಸದಲ್ಲಿ ದೊಡ್ಡದು, ಸಣ್ಣದು ಎಂಬ ಭೇದವನ್ನು ಎಣಿಸುತ್ತ ಕುಳಿತವರಿಗೆ ಬದುಕಿನ ತಿರುವು ಸುಲಭವಾಗಿ ಕಾಣಿಸಿಕೊಳ್ಳುವುದಿಲ್ಲ.

ರಾಘವೇಂದ್ರ ಅವರ ಬದುಕು ಹಿನ್ನಡೆಯನ್ನು ಕುರಿತು ಒಂದು ಮುಖ್ಯವಾದ ತಿಳಿವಳಿಕೆಯನ್ನು ಕೊಡುತ್ತದೆ. ತಿರುವು ಎಂದರೆ ಬಿಟ್ಟುಹೋದ ದಾರಿಯನ್ನೇ ಮರಳಿ ಹಿಡಿಯುವುದೆಂದು ಅರ್ಥವಲ್ಲ. ಅವರ ಕೈ ಅವರನ್ನು ಮತ್ತೆ ಆಟಗಾರನನ್ನಾಗಿ ಮಾಡಲಿಲ್ಲ. ಗುರಿಯನ್ನು ತುಸು ಸರಿಸಿಕೊಂಡುದರಿಂದ ಪ್ರೀತಿಯ ಆಟ ಅವರ ಪಾಲಿಗೆ ಉಳಿಯಿತು. ವೈದ್ಯನಾಗಲಾರದವನು ಔಷಧಿ ತಯಾರಿಸುವವನಾಗಬಹುದು. ಹಾಡುವ ಕಂಠವಿಲ್ಲದವನು ತಬಲಾ ಕಲಿಯಬಹುದು. ಒಂದು ಬಾಗಿಲು ಮುಚ್ಚಿತೆಂದು ಮನೆಯನ್ನೇ ತೊರೆಯುವುದು ವಿವೇಕವಲ್ಲ. ಮುಚ್ಚಿದ ಬಾಗಿಲಿಗೆ ಹಣೆಯನ್ನು ಚಚ್ಚಿಕೊಳ್ಳುವುದೂ ವಿವೇಕವಲ್ಲ.

ಮೂರನೆಯ ದೃಷ್ಟಾಂತ ಕರ್ನಾಟಕದವರೆಲ್ಲರಿಗೂ ಪರಿಚಿತವಾದುದು. ಬೆಂಗಳೂರಿನಲ್ಲಿ ಬೆಳೆದ ರಾಹುಲ್ ದ್ರಾವಿಡ್ ಅವರು ೧೯೯೬ರಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಮೈದಾನದಲ್ಲಿ ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ಆಡಿ ೯೫ ಓಟಗಳನ್ನು ಗಳಿಸಿದರು. ಎರಡೇ ವರ್ಷಗಳಲ್ಲಿ, ೧೯೯೮ರಲ್ಲಿ, ಏಕದಿನ ಪಂದ್ಯಗಳಿಗೆ ಇವರ ಆಟ ನಿಧಾನವಾಯಿತೆಂದು ತಂಡದಿಂದ ಅವರನ್ನು ಕೈಬಿಡಲಾಯಿತು. ಅವರು ತಮ್ಮ ಆಟವನ್ನು ತಿದ್ದಿಕೊಂಡರು. ೧೯೯೯ರ ವಿಶ್ವಕಪ್ಪಿನಲ್ಲಿ ಎಲ್ಲ ದೇಶಗಳ ದಾಂಡಿಗರಿಗಿಂತಲೂ ಹೆಚ್ಚಾಗಿ ೪೬೧ ಓಟಗಳನ್ನು ಗಳಿಸಿದವರು ಅದೇ ದ್ರಾವಿಡ್.

೨೦೦೧ರ ಮಾರ್ಚ್‌ನಲ್ಲಿ ಕಲ್ಕತ್ತೆಯಲ್ಲಿ ಆಸ್ಟ್ರೇಲಿಯದ ವಿರುದ್ಧ ನಡೆದ ಟೆಸ್ಟ್ ಪಂದ್ಯದಲ್ಲಿ ಮತ್ತೊಂದು ಪರೀಕ್ಷೆ ಬಂದಿತು. ಮೊದಲ ಇನಿಂಗ್ಸಿನಲ್ಲಿ ಭಾರತ ೧೭೧ ಓಟಗಳಿಗೆ ಕುಸಿದು, ೨೭೪ ಓಟಗಳಷ್ಟು ಹಿಂದೆ ಬಿದ್ದು, ಒಡನೆಯೇ ಮತ್ತೆ ಆಡಬೇಕಾಯಿತು. ಮೂರನೆಯ ಕ್ರಮಾಂಕದಲ್ಲಿ ಆಡುತ್ತಿದ್ದ ದ್ರಾವಿಡ್ ಅವರನ್ನು ಆರನೆಯ ಕ್ರಮಾಂಕಕ್ಕೆ ಇಳಿಸಿ, ಆ ಸ್ಥಾನವನ್ನು ವಿ.ವಿ.ಎಸ್. ಲಕ್ಷ್ಮಣ್ ಅವರಿಗೆ ಕೊಡಲಾಯಿತು. ತನ್ನ ಸ್ಥಾನವನ್ನು ಪಡೆದವನ ಜೊತೆಯಲ್ಲಿಯೇ ನಿಂತು ಆಡುವುದು ಯಾರಿಗೂ ಸುಲಭವಲ್ಲ. ಮಾರ್ಚ್ ೧೪ರಂದು, ಪಂದ್ಯದ ನಾಲ್ಕನೆಯ ದಿನ, ಅವರಿಬ್ಬರೂ ಬೆಳಗಿನಿಂದ ಸಂಜೆಯವರೆಗೆ ಔಟಾಗದೆ ಆಡಿದರು. ಅವರ ಜೊತೆಯಾಟದಲ್ಲಿ ೩೭೬ ಓಟಗಳು ಬಂದವು. ಲಕ್ಷ್ಮಣ್ ೨೮೧, ದ್ರಾವಿಡ್ ೧೮೦. ಸೋಲು ಖಂಡಿತವೆಂದು ಎಲ್ಲರೂ ಕೈಬಿಟ್ಟಿದ್ದ ಪಂದ್ಯವನ್ನು ಭಾರತ ೧೭೧ ಓಟಗಳಿಂದ ಗೆದ್ದಿತು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಅದು ಕಥೆಯಷ್ಟೇ ಸುಂದರವಾಗಿರುತ್ತದೆ. ಜೀವನ ಹಾಗೆ ನಿಲ್ಲುವುದಿಲ್ಲ. ೨೦೦೭ರ ವಿಶ್ವಕಪ್ ಪಂದ್ಯಾವಳಿ ವೆಸ್ಟ್ ಇಂಡೀಸಿನಲ್ಲಿ ನಡೆದಾಗ ಭಾರತದ ನಾಯಕರಾಗಿದ್ದವರು ದ್ರಾವಿಡ್. ಮಾರ್ಚ್ ೧೭ರಂದು ಬಾಂಗ್ಲಾದೇಶದ ಎದುರು, ಮಾರ್ಚ್ ೨೩ರಂದು ಶ್ರೀಲಂಕೆಯ ಎದುರು ಸೋತ ಭಾರತ ಮೊದಲ ಸುತ್ತಿನಲ್ಲಿಯೇ ಹೊರಬಿದ್ದಿತು. ದೇಶದ ಉದ್ದಗಲಕ್ಕೂ ಜನರು ಕೆರಳಿದರು. ಆದರೆ ಅದೇ ವರ್ಷದ ಬೇಸಗೆಯಲ್ಲಿ ಅವರ ನಾಯಕತ್ವದಲ್ಲಿಯೇ ಭಾರತ ಇಪ್ಪತ್ತೊಂದು ವರ್ಷಗಳ ಬಳಿಕ ಇಂಗ್ಲೆಂಡಿನ ನೆಲದಲ್ಲಿ ಟೆಸ್ಟ್ ಸರಣಿಯನ್ನು ಗೆದ್ದಿತು. ಒಂದೇ ವರ್ಷದಲ್ಲಿ, ಒಬ್ಬರೇ ನಾಯಕರು, ಇಷ್ಟು ದೊಡ್ಡ ಸೋಲನ್ನೂ ಇಷ್ಟು ದೊಡ್ಡ ಗೆಲುವನ್ನೂ ಕಂಡರು. ಒಂದು ಫಲಿತಾಂಶದಿಂದ ಒಬ್ಬ ಮನುಷ್ಯನ ಯೋಗ್ಯತೆಯನ್ನು ಅಳೆದುಬಿಡುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

೨೦೧೨ರಲ್ಲಿ ಆಟದಿಂದ ನಿವೃತ್ತರಾದ ದ್ರಾವಿಡ್ ಅವರು ಬಳಿಕ ಹತ್ತೊಂಬತ್ತು ವರ್ಷದೊಳಗಿನ ಕಿರಿಯರ ತಂಡಕ್ಕೆ ತರಬೇತಿ ಕೊಟ್ಟರು. ಆ ತಂಡ ೨೦೧೬ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಸೋತಿತು, ೨೦೧೮ರಲ್ಲಿ ಗೆದ್ದಿತು. ಆ ಗೆಲುವಿನ ನಂತರ ಮುಖ್ಯ ತರಬೇತುದಾರರಿಗೆ ೫೦ ಲಕ್ಷ ರೂಪಾಯಿ, ತಂಡದ ಇತರ ಸಹಾಯಕ ಸಿಬ್ಬಂದಿಗೆ ತಲಾ ೨೦ ಲಕ್ಷ ರೂಪಾಯಿ ಬಹುಮಾನವನ್ನು ಘೋಷಿಸಲಾಯಿತು. ದುಡಿದವರೆಲ್ಲರೂ ಸಮಾನರೆಂದು ದ್ರಾವಿಡ್ ಪಟ್ಟುಹಿಡಿದರು. ಕೊನೆಗೆ ಅವರಿಗೂ ಸಹಾಯಕರಿಗೂ ತಲಾ ೨೫ ಲಕ್ಷ ರೂಪಾಯಿ ನಿಗದಿಯಾಯಿತು. ತಮ್ಮ ಪಾಲಿನ ಅರ್ಧವನ್ನು ಅವರು ಸಂತೋಷದಿಂದ ಬಿಟ್ಟುಕೊಟ್ಟರು. ಹಿನ್ನಡೆಯನ್ನು ಉಂಡವರಿಗೆ, ಗೆಲುವಿನ ಹಿಂದೆ ಎಷ್ಟು ಕೈಗಳಿರುತ್ತವೆ ಎಂಬುದು ತಿಳಿದಿರುತ್ತದೆ.

೨೦೨೧ರ ನವೆಂಬರ್‌ನಲ್ಲಿ ಅವರು ಭಾರತ ತಂಡದ ಮುಖ್ಯ ತರಬೇತುದಾರರಾದರು. ೨೦೨೨ರಲ್ಲಿ ಟಿ-ಟ್ವೆಂಟಿ ವಿಶ್ವಕಪ್ಪಿನ ಉಪಾಂತ್ಯದಲ್ಲಿ ತಂಡ ಸೋತಿತು. ೨೦೨೩ರ ನವೆಂಬರ್ ೧೯ರಂದು ಅಹಮದಾಬಾದಿನಲ್ಲಿ ನಡೆದ ಏಕದಿನ ವಿಶ್ವಕಪ್ಪಿನ ಅಂತಿಮ ಪಂದ್ಯದ ಸೋಲು ಇನ್ನೂ ಕಹಿಯಾದುದು. ಅದಕ್ಕೆ ಮುನ್ನ ಸತತವಾಗಿ ಹತ್ತು ಪಂದ್ಯಗಳನ್ನು ಗೆದ್ದಿದ್ದ ತಂಡ ಕೊನೆಯ ಒಂದನ್ನು ಕಳೆದುಕೊಂಡಿತು. ಏಳು ತಿಂಗಳುಗಳ ತರುವಾಯ, ೨೦೨೪ರ ಜೂನ್ ೨೯ರಂದು, ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ ಟಿ-ಟ್ವೆಂಟಿ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆಯಿತು. ಕೊನೆಯ ೩೦ ಚೆಂಡುಗಳಲ್ಲಿ ೩೦ ಓಟಗಳು ಬೇಕಾಗಿದ್ದ ದಕ್ಷಿಣ ಆಫ್ರಿಕ ಗೆದ್ದೇಬಿಟ್ಟಿತೆಂದು ತೋರುತ್ತಿತ್ತು. ಅಲ್ಲಿಂದ ಭಾರತ ೭ ಓಟಗಳಿಂದ ಗೆದ್ದಿತು. ಹದಿನೇಳು ವರ್ಷಗಳ ಹಿಂದೆ ಅದೇ ವೆಸ್ಟ್ ಇಂಡೀಸಿನಿಂದ ತಲೆ ತಗ್ಗಿಸಿ ಮರಳಿದ್ದ ದ್ರಾವಿಡ್ ಅವರ ಕೈಗೆ ಆಟಗಾರರು ಕಪ್ಪನ್ನು ಕೊಟ್ಟರು. ಆ ತಂಡದ ಸಿಬ್ಬಂದಿಯಲ್ಲಿ ಕುಮಟೆಯ ರಾಘವೇಂದ್ರ ಅವರೂ ಇದ್ದರು. ಒಬ್ಬರು ದೇಶವೆಲ್ಲ ಬಲ್ಲ ತಾರೆ. ಇನ್ನೊಬ್ಬರು ಹೆಚ್ಚಿನವರು ಹೆಸರನ್ನೂ ಕೇಳಿರದ ಕೆಲಸಗಾರ. ಗೆಲುವಿನಲ್ಲಿ ಇಬ್ಬರಿಗೂ ಪಾಲಿತ್ತು.

ಈ ಮೂರು ದೃಷ್ಟಾಂತಗಳಿಂದ ತಪ್ಪು ಪಾಠವನ್ನು ಕಲಿಯುವ ಅಪಾಯವೂ ಇದೆ. ರಾಘವೇಂದ್ರ ಅವರು ಮನೆ ಬಿಟ್ಟು ಹೋಗಿ ಕೊನೆಗೆ ಭಾರತ ತಂಡವನ್ನು ಸೇರಿದರೆಂದು ಓದಿದ ಎಳೆಯರು, ಮನೆ ಬಿಡುವುದೇ ಸಾಧನೆಯ ಮೊದಲ ಹೆಜ್ಜೆಯೆಂದು ತಿಳಿಯಬಾರದು. ಹಾಗೆ ಹೊರಟ ಎಷ್ಟೋ ಜನರ ಕಥೆಯನ್ನು ಯಾರೂ ಬರೆದಿಲ್ಲ. ಏಕೆಂದರೆ ಅವರು ಎಲ್ಲಿಯೂ ತಲುಪಲಿಲ್ಲ. ಗೆದ್ದವರ ಜೀವನ ಮಾತ್ರ ಪುಸ್ತಕಗಳಿಗೆ ಬರುವುದರಿಂದ, ಕಷ್ಟಪಟ್ಟವರೆಲ್ಲರೂ ಗೆಲ್ಲುತ್ತಾರೆಂಬ ಭ್ರಮೆ ಹುಟ್ಟುತ್ತದೆ. ಮುರಿದ ಮೂಳೆ ಕೆಲವೊಮ್ಮೆ ಕೂಡುವುದೇ ಇಲ್ಲ. ಕೆಲವು ಅವಕಾಶಗಳು ಎರಡನೆಯ ಸಲ ಬರುವುದೂ ಇಲ್ಲ. ಈ ಸತ್ಯವನ್ನು ಮುಚ್ಚಿಟ್ಟು ಎಳೆಯರಿಗೆ ಧೈರ್ಯ ಹೇಳುವುದು ಪ್ರಾಮಾಣಿಕತೆಯಲ್ಲ.

ಆದುದರಿಂದಲೇ ಹಿರಿಯರ ಹೊಣೆ ದೊಡ್ಡದು. ತರುಣನೊಬ್ಬನು ಸ್ಮಶಾನದಲ್ಲಿ ಮಲಗಿ ಆಟವನ್ನು ಕಲಿತನೆಂದು ಮೆಚ್ಚುವುದರ ಜೊತೆಗೆ, ಅವನು ಅಲ್ಲಿ ಮಲಗಬೇಕಾಗಿ ಬಂದುದಕ್ಕೆ ಸಮಾಜ ನಾಚಬೇಕು. ಲೇನಿ ಶಾಲೆಯಲ್ಲಿ ಕಿರಿಯರ ತಂಡವೊಂದು ಇಲ್ಲದೆ ಹೋಗಿದ್ದರೆ ಜೋರ್ಡನ್ ಆ ವರ್ಷ ಎಲ್ಲಿ ಆಡುತ್ತಿದ್ದನು? ತಿಲಕ್ ನಾಯ್ಡು ಅವರು ಚೆಂಡೆಸೆಯುವ ಹುಡುಗನತ್ತ ಕಣ್ಣೆತ್ತಿ ನೋಡದಿದ್ದರೆ ಅವರ ಶ್ರದ್ಧೆ ಯಾರಿಗೆ ತಿಳಿಯುತ್ತಿತ್ತು? ಮೊದಲ ಪಟ್ಟಿಯಲ್ಲಿ ಸೇರದವನಿಗೂ ಆಡಲು ಒಂದು ಎರಡನೆಯ ತಂಡ ಬೇಕು. ಊರಿಗೊಂದು ಮೈದಾನ, ಶಾಲೆಗೊಬ್ಬ ದೈಹಿಕ ಶಿಕ್ಷಕ, ಗಾಯಗೊಂಡವನಿಗೆ ಚಿಕಿತ್ಸೆ—ಇವು ಕರಾವಳಿಯ ಹಳ್ಳಿಯ ಮಕ್ಕಳಿಗೂ ದೊರೆಯಬೇಕು. ಪರೀಕ್ಷೆ ಹತ್ತಿರವಾಯಿತೆಂದು ಆಟದ ಅವಧಿಯನ್ನು ಇತರ ಪಾಠಗಳಿಗೆ ಕೊಟ್ಟುಬಿಡುವ ರೂಢಿ ಹೋಗಬೇಕು. ವ್ಯಕ್ತಿಯ ಛಲವನ್ನು ಹೊಗಳುತ್ತ ಸಮಾಜವು ತನ್ನ ಕರ್ತವ್ಯದಿಂದ ನುಣುಚಿಕೊಳ್ಳುವುದು ಸರಿಯಲ್ಲ.

ವಿದ್ಯಾರ್ಥಿಗಳ ಪಾಲಿನ ಕರ್ತವ್ಯವೂ ಉಂಟು. ಶಾಲೆಯ ತಂಡದ ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗಿ, ಒಂದು ವಿಷಯದಲ್ಲಿ ಅನುತ್ತೀರ್ಣನಾದ ಹುಡುಗ, ಕೆಲವು ದಿನ ಮನೆಯವರ ಮುಖವನ್ನೂ ನೋಡಲು ಹಿಂಜರಿಯಬಹುದು. ಆ ನೋವು ಸಹಜವಾದುದು, ಅದನ್ನು ಅಡಗಿಸಿಡಬೇಕಾಗಿಲ್ಲ. ತಾಯಿತಂದೆಯರೊಡನೆಯೋ ಗುರುಗಳೊಡನೆಯೋ ಹೇಳಿಕೊಂಡರೆ ಭಾರ ಅರ್ಧ ಇಳಿಯುತ್ತದೆ. ಬಳಿಕ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ: ಎಲ್ಲಿ ತಪ್ಪಿತು? ಅದನ್ನು ತಿದ್ದಿಕೊಳ್ಳಲು ನಾಳೆ ಬೆಳಗ್ಗೆ ಮಾಡಬೇಕಾದ ಮೊದಲ ಕೆಲಸ ಯಾವುದು? ಯಾರ ನೆರವನ್ನು ಕೇಳಬೇಕು? ಹಿಡಿದ ದಾರಿಯೇ ತನಗೆ ತಕ್ಕುದಲ್ಲವಾದರೆ, ಪಕ್ಕದಲ್ಲಿ ಬೇರೆ ಯಾವ ದಾರಿಯಿದೆ? ಸೋತ ಗೆಳೆಯನನ್ನು ಹಂಗಿಸದೆ ಅವನ ಜೊತೆಗೆ ನಿಲ್ಲುವುದೂ ಇದೇ ಕರ್ತವ್ಯದ ಒಂದು ಭಾಗ.

ಆಗಸ್ಟ್ ತಿಂಗಳು ಬಂದಾಗ ಬೈತಖೋಲ ಬಂದರಿನಲ್ಲಿ ಮತ್ತೆ ಯಂತ್ರಗಳ ಸದ್ದು ಕೇಳಿಸುತ್ತದೆ. ದೋಣಿಗಳು ಒಂದರ ಹಿಂದೊಂದರಂತೆ ಕಡಲಿಗೆ ಇಳಿಯುತ್ತವೆ. ಎಲ್ಲ ದೋಣಿಗಳಿಗೂ ಮೊದಲ ದಿನವೇ ತುಂಬ ಮೀನು ಸಿಕ್ಕುತ್ತದೆಂಬ ಭರವಸೆಯೇನೂ ಇಲ್ಲ. ಕಡಲು ಯಾರಿಗೂ ಅಂಥ ಮಾತು ಕೊಟ್ಟಿಲ್ಲ. ಆದರೆ ಮಳೆಗಾಲದಲ್ಲಿ ಬಲೆಯನ್ನು ಹೆಣೆದಿಟ್ಟುಕೊಂಡವನು ಮೀನು ಬಂದ ದಿನ ಅದನ್ನು ಹಿಡಿಯಬಲ್ಲನು. ಹೆಣೆಯದೆ ಬಿಟ್ಟವನ ಬಲೆಗೆ ಬಂದ ಮೀನೂ ಹರಿದ ಕಣ್ಣಿನಿಂದ ನುಸುಳಿಹೋಗುತ್ತದೆ.